ಶೇಷು ಮಾವನ ಪಿಂಗಾಣಿ ವಾಚು

ಹೋದ ವಾರ ಟಿ. ನಗರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯನ್ನು "ಮಣಿ ಎನ್ನಮ್ಮಾ?" ಎಂದು ಗಂಟೆ ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಕೈಯಲ್ಲಿ ಮೊಬೈಲು ಇತ್ತು. ಅದರ ಮೇಲೆ, ಕಣ್ಣು ಮಂಜಾದವರಿಗೆಂದೇ ನಾನು ದೊಡ್ಡದು ಮಾಡಿಸಿಕೊಂಡಿದ್ದ ಅಂಕಿಗಳಲ್ಲಿ, ಹನ್ನೊಂದೂ ಇಪ್ಪತ್ತು ಎಂದು ಢಾಳಾಗಿ ಕಾಣುತ್ತಿತ್ತು. ಹುಡುಗಿ ಪಾಪ ಒಳ್ಳೆಯವಳು. ಬಗ್ಗಿ ನನ್ನ ಮೊಬೈಲನ್ನೇ ಓದಿ, "ಇಲೆವೆನ್ ಟ್ವೆಂಟಿ ಅಂಕಲ್" ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು.

ಇದು ನನ್ನ ಹಳೆಯ ಚಾಳಿ. ಸಮಯವನ್ನು ಇನ್ನೊಬ್ಬರ ಬಾಯಿಂದ ಕೇಳಿದರೇ ನನಗೆ ನಂಬಿಕೆ. ಇಪ್ಪತ್ತೈದು ವರ್ಷಗಳಿಂದ ನಾನು ವಾಚು ಕಟ್ಟಿಲ್ಲ. ಕಟ್ಟುವ ಆಸೆ ಇಲ್ಲವೆಂದಲ್ಲ. ನಮ್ಮ ತಾಯಿಯ ಕಡೆಯವರ ಬೆವರು ಸರಿಯಿಲ್ಲ.

ಚೆನ್ನೈನಲ್ಲಿ ಬೆವರದವರು ಯಾರು ಎಂದು ನೀವು ಕೇಳಬಹುದು. ಎಲ್ಲರೂ ಬೆವರುತ್ತಾರೆ, ಒರೆಸಿಕೊಳ್ಳುತ್ತಾರೆ, ಮತ್ತೆ ಬೆವರುತ್ತಾರೆ. ಆದರೆ ಅವರದು ಬರೀ ಉಪ್ಪುನೀರು. ನಮ್ಮದು ಲೋಹ ತಿನ್ನುವ ಜಾತಿಯದು. ನನ್ನ ಮದುವೆಗೆ ಒಂದು ಬಂಗಾರದ ಬಣ್ಣದ ವಾಚು ಉಡುಗೊರೆಯಾಗಿ ಬಂದಿತ್ತು. ಮೊದಲ ಬೇಸಗೆಗೆ ಬಂಗಾರ ಹೋಯಿತು. ಎರಡನೆಯ ಬೇಸಗೆಗೆ ಹಿಂದಿನ ಮುಚ್ಚಳದಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಬಿದ್ದವು. ಮೂರನೆಯ ಬೇಸಗೆಯಲ್ಲಿ ಒಂದು ದಿನ ಆಫೀಸಿನ ಕ್ಯಾಂಟೀನಿನಲ್ಲಿ, ಊಟದ ಹೊತ್ತು ಮುಗಿಯಿತೋ ಎಂದು ಕೈಯೆತ್ತಿದೆ. ಪಟ್ಟಿ ಕಡಿದು ವಾಚು ಸೀದಾ ಸಾಂಬಾರಿನೊಳಕ್ಕೆ ಬಿತ್ತು. ಎದುರಿಗಿದ್ದವರು ಅದನ್ನು ಚಮಚದಿಂದ ಎತ್ತಿ, ನುಗ್ಗೇಕಾಯಿಯಿಂದ ಬೇರ್ಪಡಿಸಿ ಕೊಟ್ಟರು. ಅಂದಿಗೆ ಮುಗಿಯಿತು.

ಆದರೆ ನನ್ನದು ಏನೂ ಅಲ್ಲ. ನೀವು ನಮ್ಮ ಶೇಷು ಮಾವನನ್ನು ನೋಡಬೇಕು.

ಶೇಷು ಮಾವ ನನ್ನ ತಾಯಿಯ ತಮ್ಮ. ಎಪ್ಪತ್ತನಾಲ್ಕು ವರ್ಷ. ನಮ್ಮ ತಾತ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದು ವೆಸ್ಟ್ ಮಾಂಬಲಂನಲ್ಲಿ ತಳವೂರಿದವರು. ಮಾವನೂ ರೈಲ್ವೆಯಲ್ಲೇ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದರು. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ, ಒಂದು ಫ್ಲಾಟಿನ ಮೂರನೆಯ ಮಹಡಿಯಲ್ಲಿ ಮಾವ ಮತ್ತು ಕಮಲತ್ತೆ ಇದ್ದಾರೆ. ಸರ್ವೀಸಿನ ಬಹುಪಾಲು ಅವರು ಎಣ್ಣೂರಿನಲ್ಲಿ ಕಳೆದರು. ಅಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ವಿದ್ಯುತ್ ಸ್ಥಾವರದ ಬೂದಿ, ನಡುವೆ ಮಾವನ ಬೆವರು. ಎಣ್ಣೂರಿನ ಉಪ್ಪುಗಾಳಿಗೆ ರೈಲ್ವೆ ಹಳಿಯಂಥ ಹಳಿಯೇ ತುಕ್ಕು ಹಿಡಿಯುತ್ತದೆ. ಆದರೆ ಹಳಿ ಹಲವು ವರ್ಷ ತಾಳುತ್ತದೆ, ಮಾವನ ವಾಚುಗಳು ಎಂಟು ತಿಂಗಳೂ ತಾಳುತ್ತಿರಲಿಲ್ಲ. ಸಿಗ್ನಲ್ಲಿನವರಿಗೆ ವಾಚು ಇಲ್ಲದೆ ಆಗದು. ಆದ್ದರಿಂದ ಒಂದು ಸಾಯುವಷ್ಟರಲ್ಲಿ ಇನ್ನೊಂದು ಕಟ್ಟುತ್ತಿದ್ದರು.

ಮಾಂಬಲಂ ಸ್ಟೇಷನ್ನಿನ ಪಕ್ಕದ ಓಣಿಯಲ್ಲಿ ಕಾದರ್ ಭಾಯ್ ಎನ್ನುವವರ ವಾಚು ರಿಪೇರಿ ಅಂಗಡಿಯಿದೆ. ಅಂಗಡಿ ಎಂದರೆ ಒಂದು ಬೀರುವಿನಷ್ಟು ಜಾಗ. ಭಾಯ್ ಅದರೊಳಗೆ ಕುಳಿತಿರುವುದಿಲ್ಲ, ಅದನ್ನು ತೊಟ್ಟುಕೊಂಡಿರುತ್ತಾರೆ. ಮಾವನ ಬೆವರು ತೂತು ಕೊರೆದ ಒಂದು ವಾಚಿನ ಮುಚ್ಚಳವನ್ನು ಅವರು ದಾರ ಕಟ್ಟಿ ಅಂಗಡಿಯ ಮುಂದೆ ತೂಗುಹಾಕಿದ್ದಾರೆ. ಗಿರಾಕಿಗಳು "ಏನಿದು, ಗುಂಡು ತಾಗಿದ್ದಾ?" ಎಂದು ಕೇಳಿದರೆ ಭಾಯ್ ಗಂಭೀರವಾಗಿ "ಇಲ್ಲೆ. ವೇರ್ವೈ" ಎನ್ನುತ್ತಾರೆ. ಅಂದರೆ ಬೆವರು.

ಇಂಥ ಮಾವನ ಹುಟ್ಟುಹಬ್ಬಕ್ಕೆ ಹೋದ ವರ್ಷ ಅವರ ಒಬ್ಬಳೇ ಮಗಳು ಮಾಲಿನಿ ಒಂದು ಕರಿಯ ವಾಚು ತಂದಳು. ಮಾಲಿನಿ ಇಲ್ಲೇ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ಅಪ್ಪನ ಬೆವರಿಗೆ ವಿಜ್ಞಾನದ ಮೂಲಕವೇ ಉತ್ತರ ಕೊಡಬೇಕೆಂದು ಪಣ ತೊಟ್ಟಿದ್ದವಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು.

"ಅಪ್ಪಾ, ಇದು ಸೆರಾಮಿಕ್. ಉನ್ ವೇರ್ವೈ ಇದೈ ಒಣ್ಣುಂ ಪಣ್ಣಾದು" ಎಂದಳು. ನಿನ್ನ ಬೆವರು ಇದನ್ನೇನೂ ಮಾಡಲಾರದು ಎಂದು.

ಮಾವ ವಾಚನ್ನು ತಿರುಗಿಸಿ ಮುರುಗಿಸಿ ನೋಡಿ, ಅದರ ಜೊತೆ ಬಂದಿದ್ದ ಪುಸ್ತಿಕೆಯನ್ನು ನನ್ನ ಕಡೆ ಚಾಚಿದರು. "ಓದೋ ಸುಬ್ಬು. ಕನ್ನಡದಲ್ಲಿ ಹೇಳು."

ನಾನು ಓದಿದೆ. ಪುಡಿಯನ್ನು ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ಉಕ್ಕಿಗಿಂತ ಗಟ್ಟಿ. ಗೀರು ಬೀಳುವುದಿಲ್ಲ. ಉಪ್ಪುನೀರು, ಬಿಸಿಲು, ಬೆವರು ಯಾವುದೂ ತಾಗುವುದಿಲ್ಲ. ಬಣ್ಣ ಮೇಲೆ ಬಳಿದದ್ದಲ್ಲ, ಒಳಗೂ ಕಪ್ಪೇ.

"ಪಿಂಗಾಣಿ ಅನ್ನು. ಉಪ್ಪಿನಕಾಯಿ ಜಾಡಿ!"

"ಅದರ ದೊಡ್ಡಪ್ಪನ ಮಗ ಅಂತ ಇಟ್ಕೊಳ್ಳಿ."

ಪುಸ್ತಿಕೆಯ ಕೊನೆಯಲ್ಲಿ ಸಣ್ಣ ಅಕ್ಷರದ ಇನ್ನೊಂದು ಸಾಲಿತ್ತು. ಬಲವಾದ ಪೆಟ್ಟಿನಿಂದ ಕಾಪಾಡಿ ಎಂದೋ ಏನೋ. ಅಷ್ಟರಲ್ಲಿ ಕಮಲತ್ತೆ ಕಾಫಿ ತಂದರು, ನಾನು ಪುಸ್ತಿಕೆ ಮಡಿಸಿದೆ. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಕುಳಿತು, ಬಂದವರಿಗೆಲ್ಲ "ಸಣ್ಣ ಅಕ್ಷರ ಓದಬೇಕಿತ್ತು ಸಾರ್" ಎಂದು ಬುದ್ಧಿ ಹೇಳಿದವನು ನಾನು.

ಜಾಡಿ ಎಂದಾಗ ನೆನಪಾಯಿತು. ನಮ್ಮ ಅಜ್ಜಿ ಮೈಸೂರಿನಿಂದ ಮದರಾಸಿಗೆ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಒಂದು ಜಾಡಿ ಇತ್ತು. ಮೇಲೆ ಕಂದು, ಕೆಳಗೆ ಹಾಲುಬಿಳುಪು. ಅದಕ್ಕೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟರೆ ಮಾವಿನಕಾಯಿ ಎರಡು ವರ್ಷ ಕೆಡುತ್ತಿರಲಿಲ್ಲ. ನಾನು ಆಗ ಇನ್ನೂ ಸ್ಲೇಟು ಹಿಡಿಯುವ ಹುಡುಗ, ಸ್ಟೂಲು ಹತ್ತಿ ಅದರ ತಣ್ಣನೆಯ ಹೊಟ್ಟೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಮೇ ತಿಂಗಳಲ್ಲಿ ಇಡೀ ಮನೆಯಲ್ಲಿ ತಣ್ಣಗಿದ್ದ ವಸ್ತು ಅದೊಂದೇ. ಶೇಷು ಮಾವನಿಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಮನೆಗೆ ಯಾರು ಬಂದರೂ ಜಾಡಿ ಇಳಿಸಿ, ಬೀಗದ ಕೈಯಿಂದ ಅದನ್ನು ತಟ್ಟಿ, "ಟಣ್ ಅಂತು ನೋಡಿ, ಅಸಲಿ ಮಾಲು" ಎನ್ನುವುದು ಅವರ ಕೆಲಸ. ಒಂದು ದಿನ ಬೀಗದ ಕೈ ಸಿಗಲಿಲ್ಲ. ಬೀಗದಿಂದಲೇ ತಟ್ಟಿದರು. ಜಾಡಿ ಟಣ್ ಎನ್ನಲಿಲ್ಲ. ಅಜ್ಜಿ ಉಪ್ಪಿನಕಾಯಿಯನ್ನು ಬಾಚಿ ಬಕೆಟ್ಟಿಗೆ ಹಾಕಿದರು. ಆ ವರ್ಷ ನಾವೆಲ್ಲ ಬರೀ ಮೊಸರನ್ನ ತಿಂದೆವು. ಬಂದವರಿಗೆ ತೋರಿಸುವ ಚಪಲ ಮಾತ್ರ ಮಾವನನ್ನು ಬಿಡಲಿಲ್ಲ.

ಹೀಗಿರುವಾಗ ಅವರ ಕೈಗೆ ಗೀರು ಬೀಳದ ವಾಚು ಬಂದರೆ ಏನಾಗಬೇಡ?

ಮೊದಲ ದಿನ ಬೀಗದ ಕೈಯಿಂದ ಉಜ್ಜಿದರು. ಎರಡನೆಯ ದಿನ ಚಾಕು. ಮೂರನೆಯ ದಿನ ನಾನು ಹೋದಾಗ ತೆಂಗಿನಕಾಯಿ ತುರಿಯುವ ಮಣೆಯ ಮುಂದೆ ಕುಳಿತು, ಮುಂಗೈಯನ್ನು ಕಾಯಿಯ ಹೋಳಿನಂತೆ ಹಿಡಿದು ವಾಚನ್ನು ತುರಿಯುತ್ತಿದ್ದರು. ಕಮಲತ್ತೆ ಪಕ್ಕದಲ್ಲಿ ನಿಂತು, "ನನ್ನ ಮಣೆ ಹಲ್ಲು ಹೋಯ್ತು ಸುಬ್ಬು, ನೀನಾದ್ರೂ ಹೇಳೋ" ಎಂದರು.

"ಮಣೆ ಹಲ್ಲು ಹೋಯ್ತು. ವಾಚಿಗೇನಾಯ್ತು? ಅದನ್ನ ಹೇಳೇ" ಎಂದರು ಮಾವ.

ವಾಚಿಗೆ ಏನೂ ಆಗಿರಲಿಲ್ಲ.

ಗ್ಯಾಸ್ ಸಿಲಿಂಡರ್ ತಂದವರು, ಕರೆಂಟ್ ಮೀಟರ್ ಓದಲು ಬಂದವರು, ನವರಾತ್ರಿಯ ಗೊಂಬೆ ನೋಡಲು ಬಂದ ಹೆಂಗಸರು, ಎಲ್ಲರಿಗೂ ಪ್ರದರ್ಶನವಾಯಿತು. ಬಂದವರ ಕೈಗೇ ಉಕ್ಕಿನ ಮೊಳೆ ಕೊಟ್ಟು "ಗೀರಿ, ಭಯ ಪಡಬೇಡಿ" ಎನ್ನುತ್ತಿದ್ದರು. ಒಂದು ಭಾನುವಾರ ಮಾತ್ರ ನನಗೆ ಫೋನು ಬಂತು. ಮಾವ ಹಲೋ ಕೂಡ ಅನ್ನಲಿಲ್ಲ. "ಸುಬ್ಬು, ಗೀರು ಬಿದ್ದುಬಿಡ್ತು ಕಣೋ." ಓಡಿ ಹೋದೆ. ನಿಜ, ಕರಿಯ ಪಟ್ಟಿಯ ಮೇಲೆ ಬೂದು ಬಣ್ಣದ ಒಂದು ಗೆರೆ. ಮಾವ ತಿಂಡಿಯನ್ನೂ ಮುಟ್ಟಿರಲಿಲ್ಲ. ಇಬ್ಬರೂ ಕಾದರ್ ಭಾಯ್ ಹತ್ತಿರ ಹೋದೆವು. ಭಾಯ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿ, ಮೇಜಿನ ಖಾನೆಯಿಂದ ಶಾಲೆಯ ಮಕ್ಕಳ ಒಂದು ರಬ್ಬರು ತೆಗೆದು ನಾಲ್ಕು ಸಲ ಉಜ್ಜಿದರು. ಗೆರೆ ಮಾಯ! ವಾಚಿಗೆ ಗೀರು ಬಿದ್ದಿರಲಿಲ್ಲ. ಮೊಳೆಯೇ ಸವೆದು ವಾಚಿನ ಮೇಲೆ ತನ್ನ ಗುರುತು ಬಿಟ್ಟಿತ್ತು.

ಮಾವನಿಗೆ ಹೋದ ಜೀವ ಬಂತು. ಭಾಯ್ ಮಾತ್ರ ವಾಚನ್ನು ಬೇಗ ಕೈ ಬಿಡಲಿಲ್ಲ. "ಸಾರ್, ಇದು ಪೀಂಗಾನ್" ಎಂದು ತಮ್ಮ ಚಹಾದ ಬಟ್ಟಲನ್ನು ತೋರಿಸಿ ತಮಿಳಿನಲ್ಲೇ ತಿಳಿಸಿ ಹೇಳಿದರು. ಉಕ್ಕು ಪೆಟ್ಟು ತಿಂದರೆ ತಗ್ಗಾಗುತ್ತದೆ, ಬಾಗುತ್ತದೆ, ಹೇಗೋ ಬದುಕುತ್ತದೆ. ಇದಕ್ಕೆ ಬಾಗುವುದು ಗೊತ್ತಿಲ್ಲ. ಉಜ್ಜಿದರೆ ನೂರು ವರ್ಷ, ಜಜ್ಜಿದರೆ ಒಂದು ಕ್ಷಣ.

ಮಾವ ಕೇಳಿಸಿಕೊಂಡದ್ದು ನೂರು ವರ್ಷ ಎಂಬ ಎರಡು ಪದಗಳನ್ನು ಮಾತ್ರ. ಅಂದಿನಿಂದ ಜೇಬಿನಲ್ಲಿ ಒಂದು ರಬ್ಬರೂ ಸೇರಿತು.

ಆಮೇಲೆ ಶುರುವಾದದ್ದು ಗೋಡೆ. ಅವರ ಫ್ಲಾಟಿನ ಮೆಟ್ಟಿಲ ಗೋಡೆ ಒರಟು ಸಿಮೆಂಟಿನದು. ಮಾವ ಇಳಿಯುವಾಗ ಎಡಗೈಯ ವಾಚನ್ನು ಗೋಡೆಗೆ ಒತ್ತಿ ಎಳೆದುಕೊಂಡು ಇಳಿಯತೊಡಗಿದರು. ಗರ್ ಎಂದು ಮೂರು ಮಹಡಿಗೂ ಕೇಳುವ ಸದ್ದು. ಅದು ಕೇಳಿದರೆ ಕೆಳಗಿನ ಮನೆಯವರು ಹಾಲಿನ ಪಾತ್ರೆ ಹೊರಗಿಡುತ್ತಿದ್ದರು, ಏಕೆಂದರೆ ಮಾವ ಹಾಲಿಗೆ ಇಳಿಯುವುದು ಸರಿಯಾಗಿ ಆರಕ್ಕೆ. ನಾಲ್ಕು ತಿಂಗಳಲ್ಲಿ ಗೋಡೆಯ ಮೇಲೆ ಮೂರನೆಯ ಮಹಡಿಯಿಂದ ನೆಲದವರೆಗೆ ಬೆರಳಗಲದ ಒಂದು ಕಾಲುವೆ ಬಿತ್ತು. ಫ್ಲಾಟಿನ ಸಂಘದ ಕಾರ್ಯದರ್ಶಿಗಳು ಕಾಗದ ಬರೆದರು: ತಮ್ಮ ಕೈಗಡಿಯಾರದಿಂದ ಸಾರ್ವಜನಿಕ ಗೋಡೆಗೆ ಹಾನಿಯಾಗುತ್ತಿದೆ, ದಯವಿಟ್ಟು ಬಲಗಡೆಯಿಂದ ಇಳಿಯತಕ್ಕದ್ದು. ಮಾವ ಆ ಕಾಗದಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ಅಷ್ಟು ದೊಡ್ಡ ಪ್ರಶಸ್ತಿ ಅವರಿಗೆ ರೈಲ್ವೆಯೂ ಕೊಟ್ಟಿರಲಿಲ್ಲ.

ಈ ವರ್ಷದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಮಾವ ಎಂದಿನಂತೆ ಗರ್ ಎಂದು ಇಳಿಯುತ್ತಿದ್ದರು. ಒಂದನೆಯ ಮಹಡಿಯಲ್ಲಿ ಹಿಂದಿನ ದಿನ ಯಾರೋ ಕೇಬಲ್ಲಿಗೆಂದು ಗೋಡೆಗೆ ಒಂದು ಕಬ್ಬಿಣದ ಕೊಕ್ಕೆ ಹೊಡೆದಿದ್ದರು. ವಾಚಿನ ಪಟ್ಟಿ ಅದಕ್ಕೆ ಸಿಕ್ಕಿಕೊಂಡಿತು. ಮಾವ ಮುಂದೆ ಹೋದರು, ಕೈ ಹಿಂದೆ ಉಳಿಯಿತು.

ನಾನು ಹೋಗುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕುಳಿತು ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಮುಂಗೈ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಬಾಗಿಲು ತೆರೆದು ಬಂದ ಪಕ್ಕದವರಿಗೆ ಮಾವ ಮೊದಲು ಹೇಳಿದ ಮಾತು, "ವಾಚಿಗೇನೂ ಆಗಿಲ್ಲ."

ಆಟೋ ಹಿಡಿದು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು; ಮಾವ, ಕಮಲತ್ತೆ, ನಾನು. ಮಾಲಿನಿ ಕಾಲೇಜಿನಿಂದ ಹೊರಟಿದ್ದಳು, ದಾರಿಯಲ್ಲಿ ಸಿಕ್ಕಿಕೊಂಡಿದ್ದಳು. ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ಮುಂಗೈಯನ್ನು ಮುಟ್ಟಿ ನೋಡಿ, ಎಲುಬು ಮುರಿದಿದೆ, ಅದು ದೊಡ್ಡ ವಿಷಯವಲ್ಲ, ಮೊದಲು ವಾಚು ಬಿಚ್ಚಿ ಎಂದರು.

ಕೈ ಊದುತ್ತಿತ್ತು. ಅಂಗೈಯ ಕಡೆ ಇದ್ದ ಕೊಂಡಿ ಮಾಂಸದೊಳಗೆ ಹೂತುಹೋಗಿತ್ತು. ಡಾಕ್ಟರಮ್ಮ ಅದನ್ನು ಹುಡುಕಿ, ಒತ್ತಿ, ಕೊನೆಗೆ ಬಗ್ಗಿ ನೋಡಿ, "ಅಂಕಲ್, ಇದೈ ಕಡೈಸಿಯಾ ಎಪ್ಪೋ ಕಳಟ್ಟಿನೀಂಗ?" ಎಂದು ಕೇಳಿದರು. ಕೊನೆಯ ಸಲ ಬಿಚ್ಚಿದ್ದು ಯಾವಾಗ?

ಮಾವ ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಹೇಳ್ರೀ" ಎಂದರು ಕಮಲತ್ತೆ.

"ನಾಲ್ಕು ತಿಂಗಳಾಯ್ತು."

"ಮತ್ತೆ ಸ್ನಾನಕ್ಕೂ ಕಟ್ಕೊಂಡೇ ಹೋಗ್ತೀನಿ, ಅಷ್ಟು ಗಟ್ಟಿ ಅಂತಿದ್ರಲ್ಲ?"

"ಪಟ್ಟಿ ಪಿಂಗಾಣಿ. ಕೊಂಡಿ, ಒಳಗಿನ ಪಿನ್ನು ಮಾತ್ರ ಸ್ಟೀಲು ಕಣೇ. ನನ್ನ ಬೆವರು ಅದನ್ನ ತಿಂದುಬಿಡ್ತು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು" ಎಂದು ಮಾವ ಗೋಡೆಯ ಕಡೆ ನೋಡುತ್ತಾ ಹೇಳಿದರು. "ಬಿಚ್ಚಕ್ಕಾಗಲ್ಲ ಅಂತ ಯಾರ ಹತ್ರ ಹೇಳ್ಲಿ?"

ಡಾಕ್ಟರಮ್ಮ ಧೈರ್ಯ ಹೇಳಿದರು. ಊದಿದ ಬೆರಳಿನಿಂದ ಉಂಗುರ ಕತ್ತರಿಸಲು ಅವರ ಹತ್ತಿರ ಒಂದು ಪುಟ್ಟ ಚಕ್ರದ ಯಂತ್ರವಿತ್ತು. "ರಿಂಗ್ ಕಟರ್ ಇರುಕ್ಕು. ಟೂ ಮಿನಿಟ್ಸ್" ಎಂದು ಅದನ್ನು ಪಟ್ಟಿಯ ಮೇಲಿಟ್ಟು ತಿರುಗಿಸತೊಡಗಿದರು. ಕಿರ್ ಎಂದು ಸದ್ದಾಯಿತು. ಸುಟ್ಟ ವಾಸನೆ ಬಂತು. ಪಟ್ಟಿಯ ಮೇಲೆ ಬೂದು ಬಣ್ಣದ ಗೆರೆ ಮೂಡಿತು.

"ಕಟ್ ಆಗುದು!" ಎಂದರು ಡಾಕ್ಟರಮ್ಮ ಸಂತೋಷದಿಂದ.

ಮಾವ ಹಲ್ಲು ಕಚ್ಚಿ ನೋವು ನುಂಗುತ್ತಾ ತಲೆಯೆತ್ತಿ ನೋಡಿದರು. "ಅದು ಗೀರಲ್ಲಮ್ಮಾ. ನಿಮ್ಮ ಚಕ್ರ ಸವೆದಿರೋದು. ಸುಬ್ಬು, ನನ್ನ ಜೇಬಲ್ಲಿ ರಬ್ಬರಿದೆ, ತೆಗೆದು ತೋರಿಸೋ."

ನಾನು ತೆಗೆದು ಉಜ್ಜಿದೆ. ಗೆರೆ ಹೋಯಿತು. ಚಕ್ರವನ್ನು ಮುಟ್ಟಿ ನೋಡಿದರೆ ಅದರ ಹಲ್ಲುಗಳು ನಯವಾಗಿ ರುಪಾಯಿಯ ಅಂಚಿನಂತಾಗಿದ್ದವು.

ಇಲ್ಲಿಂದ ಮುಂದೆ ನಗು ಯಾರಿಗೂ ಬರಲಿಲ್ಲ. ಮಾವನ ಬೆರಳುಗಳು ನೀಲಿಗಟ್ಟುತ್ತಿದ್ದವು. ಗರಗಸ ತರಿಸೋಣವೆಂದರೆ ನರ್ಸಿಂಗ್ ಹೋಮಿನ ರಿಪೇರಿ ಕೆಲಸ ನೋಡಿಕೊಳ್ಳುವವರು ಉಪಕರಣಗಳ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಎಲ್ಲೋ ಹೋಗಿದ್ದರು. ಅವರ ಫೋನು ಆ ಪೆಟ್ಟಿಗೆಯ ಒಳಗಿಂದಲೇ ರಿಂಗಾಗುತ್ತಿತ್ತು. ಮಾವಿನಕಾಯಿ ಬಣ್ಣದ ಆ ಕೋಣೆಯಲ್ಲಿ ಡಾಕ್ಟರಮ್ಮ ತಮ್ಮ ಹಿರಿಯರಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಬೇಗ ಬೇಗ ಏನೋ ಹೇಳಿದರು. ಅದರಲ್ಲಿ ನನಗೆ ಕೇಳಿಸಿದ್ದು, ರಕ್ತ ಹರಿಯುತ್ತಿಲ್ಲ, ಹೆಚ್ಚು ಹೊತ್ತು ಬಿಟ್ಟರೆ ಬೆರಳುಗಳ ಗ್ಯಾರಂಟಿಯಿಲ್ಲ ಎಂಬುದು.

ಮಾವನಿಗೂ ಅದು ಕೇಳಿಸಿತು. ನನ್ನನ್ನು ಹತ್ತಿರ ಕರೆದು, "ಬೆರಳು ಇರೋದು ಗೊತ್ತಾಗ್ತಿಲ್ಲ ಕಣೋ" ಎಂದರು. ಎಪ್ಪತ್ತನಾಲ್ಕು ವರ್ಷದ ಮಾವ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಅವರ ಬೆರಳುಗಳನ್ನು ನೋಡಿದೆ. ಐದು ನೇರಳೆಹಣ್ಣುಗಳ ಹಾಗಿದ್ದವು. ಧೈರ್ಯ ಹೇಳಬೇಕೆಂದು ಬಾಯಿ ತೆರೆದದ್ದು ನೆನಪಿದೆ. ಆಮೇಲೆ ಫ್ಯಾನು ಕಾಣಿಸಿತು. ನಾನು ಪಕ್ಕದ ಮಂಚದ ಮೇಲೆ ಮಲಗಿದ್ದೆ, ಕಾಲಡಿಗೆ ಎರಡು ದಿಂಬು ಇಟ್ಟಿದ್ದರು. ಮಾವನ ಕೈ ನೋಡಿಕೊಳ್ಳಬೇಕಾದ ನರ್ಸು ನನ್ನ ಬಿ.ಪಿ. ನೋಡುತ್ತಿದ್ದರು.

"ಇವನು ಯಾವಾಗಲೂ ಹೀಗೇ" ಎಂದು ಕಮಲತ್ತೆ ಅವರಿಗೆ ಹೇಳುತ್ತಿದ್ದರು. "ಮಾಲಿನಿಗೆ ಕಿವಿ ಚುಚ್ಚಿಸುವಾಗಲೂ ಬಿದ್ದಿದ್ದ."

ಮಲಗಿದ್ದಲ್ಲೇ ನನಗೆ ಒಂದು ಬುದ್ಧಿ ಬಂತು. ಜೀವನದಲ್ಲಿ ನನಗೆ ಬುದ್ಧಿ ಬಂದಿರುವುದು ಹೆಚ್ಚಾಗಿ ಮಲಗಿದ್ದಾಗಲೇ. ಕಾದರ್ ಭಾಯ್‌ಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ವಿಷಯ ಹೇಳಿದ ಕೂಡಲೇ ಭಾಯ್ ಕಿರುಚಿದರು: "ಅರುಕ್ಕಾದೀಂಗ ಸಾರ್! ಅಮುಕ್ಕುಂಗ!" ಕೊಯ್ಯಬೇಡಿ, ಅಮುಕಿ!

ಸಾವಧಾನವಾಗಿ ಹೇಳಿ ಎಂದರು ಡಾಕ್ಟರಮ್ಮ. ಭಾಯ್ ಹೇಳಿದರು. ಅದನ್ನು ಕೊಯ್ಯಲು ಹೊರಟರೆ ಊರಿನ ಗರಗಸವೆಲ್ಲ ಮುಗಿಯುತ್ತದೆ. ಹೊಡೆಯಲೂ ಬೇಡಿ, ಕೈ ಹೋಗುತ್ತದೆ. ಪಟ್ಟಿಯ ಒಂದೇ ಒಂದು ಕರಿಯ ತುಂಡನ್ನು ಅದರ ಎರಡು ಅಂಚಿನಿಂದ ಬಿಗಿಯಾಗಿ ಹಿಡಿದು ಅಮುಕಬೇಕು. ಇಕ್ಕಳದಂಥದ್ದು ಏನಾದರೂ ಬೇಕು, ಉದ್ದ ಹಿಡಿಯಿರುವಂಥದ್ದು. ಅದು ಬಾಗುವುದಿಲ್ಲ, ಒಮ್ಮೆಗೇ ಸಿಡಿಯುತ್ತದೆ.

ಇಕ್ಕಳ ಬೀಗ ಹಾಕಿದ ಪೆಟ್ಟಿಗೆಯೊಳಗಿತ್ತು.

ಕಮಲತ್ತೆ ತಮ್ಮ ಬಟ್ಟೆಯ ಚೀಲಕ್ಕೆ ಕೈ ಹಾಕಿದರು. ಒಂದು ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿದ್ದ ವಸ್ತುವನ್ನು ತೆಗೆದು ಬಿಚ್ಚಿದರು. ಅಡಕತ್ತರಿ.

ಅತ್ತೆಗೆ ಊಟವಾದ ಮೇಲೆ ಒಂದು ಹೋಳು ಅಡಿಕೆ ಬೇಕು. ಮದುವೆಯಾಗಿ ಬರುವಾಗ ಅವರ ತಾಯಿ ಕೊಟ್ಟ ಕಬ್ಬಿಣದ ಅಡಕತ್ತರಿ ಅದು. "ಹಲ್ಲೂ ಹಾಳು, ಮರ್ಯಾದೆಯೂ ಹಾಳು, ಆ ಕಬ್ಬಿಣಾನ ಬಿಸಾಕು" ಎಂದು ಮಾವ ನಲವತ್ತಾರು ವರ್ಷಗಳಿಂದ ಹೇಳುತ್ತಿದ್ದರು. ಅತ್ತೆ ಮಾತ್ರ ಅದನ್ನು ಮನೆಯಲ್ಲಿ ಬಿಟ್ಟರೆ ಬಿಸಾಕಿಬಿಟ್ಟಾರು ಎಂದು ಹೋದಲ್ಲಿಗೆಲ್ಲ ಜೊತೆಗೆ ಒಯ್ಯುತ್ತಿದ್ದರು.

ಡಾಕ್ಟರಮ್ಮ ಅದನ್ನು ನೋಡಿ, "ಆಂಟಿ, ಇದು ಸ್ಟೆರೈಲ್ ಇಲ್ಲೆ" ಎಂದರು.

"ಸ್ಪಿರಿಟ್ ಹಾಕಿ ಒರೆಸಮ್ಮ. ನಾನೂ ದಿನಾ ಒರೆಸ್ತೀನಿ."

ನರ್ಸು ಒರೆಸಿದರು. ಯಾರು ಅಮುಕುವುದು? ನಾನು ಮಲಗಿದ್ದೆ. ಡಾಕ್ಟರಮ್ಮ ಅಡಕತ್ತರಿಯನ್ನು ಕೈಗೆ ತೆಗೆದುಕೊಂಡರು, ಯಾವ ಕಡೆಯಿಂದ ಹಿಡಿಯುವುದೆಂದು ತಿಳಿಯದೆ ತಿರುಗಿಸಿ ನೋಡಿದರು, ಅತ್ತೆಗೇ ಹಿಂದಿರುಗಿಸಿದರು.

"ನೀನಾ? ಬೇಡ ಕಣೇ" ಎಂದರು ಮಾವ.

"ನಲವತ್ತಾರು ವರ್ಷ ಅಡಿಕೆ ಕತ್ತರಿಸಿದೀನಿ. ಒಂದು ದಿನ ಬೆರಳಿಗೆ ತಾಗಿಸ್ಕೊಂಡಿಲ್ಲ. ಕಣ್ಣು ಮುಚ್ಕೊಳ್ಳಿ."

ಡಾಕ್ಟರಮ್ಮ ಎಲ್ಲರ ಕಣ್ಣಿಗೂ ಕನ್ನಡಕ ಹಾಕಿಸಿ, ಚರ್ಮದ ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಫೋನಿನೊಳಗೆ ಕಾದರ್ ಭಾಯ್ "ಯಾ ಅಲ್ಲಾ" ಎಂದು ಗೊಣಗುವುದು ಕೇಳುತ್ತಿತ್ತು. ಅತ್ತೆ ಪಟ್ಟಿಯ ಒಂದು ತುಂಡನ್ನು, ಊಟವಾದ ಮೇಲೆ ಅಡಿಕೆಯನ್ನು ಹಿಡಿಯುವಷ್ಟೇ ಸಹಜವಾಗಿ, ಅಡಕತ್ತರಿಯ ಬಾಯಿಗೆ ಸಿಕ್ಕಿಸಿದರು. ಒಮ್ಮೆ ಸರಿಮಾಡಿಕೊಂಡರು. ಅಮುಕಿದರು.

ಟಕ್.

ಕರಿಯ ಚೂರುಗಳು ಕೋಣೆಯ ನಾಲ್ಕೂ ಮೂಲೆಗೆ ಹಾರಿದವು. ಪಟ್ಟಿ ಕಳಚಿ ವಾಚು ಹಾಸಿಗೆಯ ಮೇಲೆ ಬಿತ್ತು. ಡಾಕ್ಟರಮ್ಮ ಮಾವನ ಬೆರಳುಗಳನ್ನು ಹಿಡಿದು ನೋಡುತ್ತಾ ನಿಂತರು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನೀಲಿ ನಿಧಾನವಾಗಿ ಕೆಂಪಾಗತೊಡಗಿತು. "ಬ್ಲಡ್ ವಂದಾಚ್ಚು", ರಕ್ತ ಬಂತು, ಎಂದು ಅವರು ಹೇಳಿದಾಗ ಅವರ ಕಣ್ಣಲ್ಲೂ ನೀರಿತ್ತು.

ಮಾವ ಕಣ್ಣು ತೆರೆದರು. ಎದೆಯ ಮೇಲೆ ಬಿದ್ದಿದ್ದ ಒಂದು ಚೂರನ್ನು ಒಳ್ಳೆಯ ಕೈಯಿಂದ ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖ ಅರಳಿತು.

"ಸುಬ್ಬು, ನೋಡೋ! ಒಳಗೂ ಕಪ್ಪೇ!"

ಕಮಲತ್ತೆ ಅದನ್ನು ಕೇಳಲಿಲ್ಲ. ಅಡಕತ್ತರಿಯ ಅಲಗನ್ನು ಸೆರಗಿನಲ್ಲಿ ಒರೆಸಿ, ಬೆರಳಾಡಿಸಿ, "ಮುಕ್ಕಾಯ್ತು" ಎಂದರು. ಆಮೇಲೆ ಬಂದು ನನ್ನ ಮಂಚದ ತುದಿಯಲ್ಲಿ ನನ್ನ ಕಾಲುಗಳ ಪಕ್ಕ ಕುಳಿತು ಸದ್ದಿಲ್ಲದೆ ಅತ್ತರು. ಬಾಗಿಲಲ್ಲಿ ಓಡಿ ಬಂದ ಮಾಲಿನಿ, ಮಲಗಿದ್ದ ನನ್ನನ್ನೂ ಅಳುತ್ತಿದ್ದ ಅಮ್ಮನನ್ನೂ ನಗುತ್ತಿದ್ದ ಅಪ್ಪನನ್ನೂ ನೋಡಿ, ಕೈ ಮುರಿದದ್ದು ನನ್ನದೇ ಎಂದು ತಿಳಿದು ಸೀದಾ ನನ್ನ ಹತ್ತಿರ ಬಂದಳು.

ಆರು ವಾರ ಪ್ಲಾಸ್ಟರು. ಐದು ಬೆರಳೂ ಉಳಿದವು. ಪ್ಲಾಸ್ಟರು ಬಿಚ್ಚಿದ ಮೇಲೆ ಒಂದು ದಿನ ವಾಚಿಗೆ ಹೊಸ ತುಂಡು ಹಾಕಿಸಲು ನಾವು ಮೂವರೂ ಟಿ. ನಗರದ ಒಂದು ವಾಚು ಅಂಗಡಿಗೆ ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನಮೂನೆ ತುಂಬುತ್ತಾ, "ಡ್ಯಾಮೇಜ್ ಎಪ್ಪಡಿ ಆಚ್ಚು ಸಾರ್? ಕೀಳ ವಿಳುಂದುದಾ?" ಎಂದು ಕೇಳಿದಳು. ಕೆಳಗೆ ಬಿತ್ತೇ ಎಂದು.

ವಿಮಾ ಕಚೇರಿಯ ಅಭ್ಯಾಸಬಲದಿಂದ ನಾನು ಮಾವನ ಕಿವಿಯಲ್ಲಿ, "ಹೂಂ ಅಂತ ಹೇಳಿಬಿಡಿ" ಎಂದೆ.

"ಇಲ್ಲಮ್ಮಾ" ಎಂದರು ಮಾವ. "ಎನ್ ವೈಫ್."

ಹುಡುಗಿ ಕಮಲತ್ತೆಯನ್ನು ನೋಡಿದಳು. ಐದಡಿಗೂ ಕಡಿಮೆ ಎತ್ತರ, ನೂಲಿನ ಸೀರೆ, ಬಟ್ಟೆಯ ಚೀಲ. ಅವಳು ಹೋಗಿ ಮ್ಯಾನೇಜರನ್ನು ಕರೆತಂದಳು. ಮ್ಯಾನೇಜರು ಬಹಳ ಮರ್ಯಾದೆಯಿಂದ, ಸೆರಾಮಿಕ್ಕನ್ನು ಒಬ್ಬರು ಕೈಯಿಂದ ಮುರಿಯಲು ಸಾಧ್ಯವೇ ಇಲ್ಲ, ಮೇಡಂ ತಪ್ಪು ತಿಳಿಯಬಾರದು ಎಂದರು.

ಕಮಲತ್ತೆ ಅಡಕತ್ತರಿ ತೆಗೆದು ಗಾಜಿನ ಮೇಲಿಟ್ಟರು.

ಮ್ಯಾನೇಜರು ಒಂದು ಕ್ಷಣ ಯೋಚಿಸಿ ಒಳಗೆ ಹೋಗಿ ಬಿಡಿ ತುಂಡೊಂದನ್ನು ತಂದರು. ಅಂಗಡಿಯ ಕೆಲಸದವರೆಲ್ಲ ಸುತ್ತ ಸೇರಿದರು. ವಾಚು ಕೊಳ್ಳಲು ಬಂದಿದ್ದ ಒಬ್ಬರು ಮೊಬೈಲು ಎತ್ತಿದರು. ಟಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಚೂರುಗಳನ್ನು ಆರಿಸುತ್ತಾ, "ಅಮ್ಮಾ, ಇನ್ನೊರು ವಾಟ್ಟಿ?" ಎಂದರು, ಇನ್ನೊಂದು ಸಲ ಎಂದು. ಸಾಕು, ಮೊನ್ನೆ ತಾನೇ ಸಾಣೆ ಹಿಡಿಸಿದೀನಿ ಎಂದರು ಅತ್ತೆ. ಹುಡುಗಿ ಹಾನಿಯ ಕಾರಣ ಎಂಬ ಕಡೆ ಏನೋ ಟೈಪ್ ಮಾಡಿದಳು. ಬಗ್ಗಿ ನೋಡಿದೆ. 'ಅಮ್ಮಾ' ಎಂದಿತ್ತು.

ಮಾವ ಇಷ್ಟೂ ಹೊತ್ತು ಗುಂಪಿನ ಹಿಂದೆ, ಗೋಡೆ ಗಡಿಯಾರಗಳ ಕೆಳಗೆ ಕೈಕಟ್ಟಿ ನಿಂತಿದ್ದರು. ಯಾರಿಗೂ ಏನನ್ನೂ ವಿವರಿಸಲಿಲ್ಲ.

ವಾಚನ್ನು ಅಲ್ಲೇ ಬಿಟ್ಟು ಹೊರಗೆ ಬಂದೆವು. ಬಿಸಿಲು ಕುದಿಯುತ್ತಿತ್ತು. "ಇಲ್ಲೇ ಇರಿ" ಎಂದು ಮಾವ ರಂಗನಾಥನ್ ಬೀದಿಯ ಜನಸಂದಣಿಯಲ್ಲಿ ಮಾಯವಾದರು. ಹತ್ತು ನಿಮಿಷ ಬಿಟ್ಟು ಬಂದು ಒಂದು ಕಾಗದದ ಪೊಟ್ಟಣವನ್ನು ಅತ್ತೆಯ ಕೈಯಲ್ಲಿಟ್ಟು ರಸ್ತೆಯ ಆ ಕಡೆ ನೋಡುತ್ತಾ ನಿಂತರು. ಅತ್ತೆ ಬಿಚ್ಚಿದರು. ಸೀವಲ್, ಅಂದರೆ ತೆಳ್ಳಗೆ ಹೆರೆದು ಪ್ಯಾಕು ಮಾಡಿದ ಅಡಿಕೆ.

"ಇದು ಆಗಲೇ ಕತ್ತರಿಸಿರೋದು. ನನಗೆ ಯಾಕೆ?" ಎಂದರು ಅತ್ತೆ.

ಮಾವ ಪೊಟ್ಟಣ ತೆಗೆದುಕೊಂಡು ಹೋದರು. ಎರಡನೆಯ ಸಲ ತಂದದ್ದು ಗುಲಾಬಿ ಬಣ್ಣದ ವಾಸನೆ ಅಡಿಕೆ. ಅತ್ತೆ ಮೂಸಿ ನೋಡಿ ಮುಖ ಕಿವಿಚಿದರು.

"ಮತ್ತೆ ನಿನಗೆ ಬೇಕಾಗಿದ್ದು ಯಾವುದು?"

"ನಲವತ್ತಾರು ವರ್ಷ ಎದುರಿಗೇ ಕೂತು ತಿಂದಿದೀನಲ್ಲ, ನೋಡಿಲ್ವಾ?"

ಮಾವ ಬೆವರು ಒರೆಸಿಕೊಂಡರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಎದುರಿನ ಜವಳಿ ಅಂಗಡಿಯ ಬೊಂಬೆಯನ್ನು ನೋಡುತ್ತಿದ್ದೆ. ಅವರು ಪೊಟ್ಟಣವನ್ನು ಮಡಿಸಿ ಹಿಡಿದುಕೊಂಡು ಮೂರನೆಯ ಸಲ ಆ ಜನರೊಳಗೆ ನುಗ್ಗಿದರು.